ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ: ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಬೆವರಿನ ಟೆಸ್ಟ್ ಖಾಯಂ ಸಿಗ್ಲಿ

ಮಾನ್ಯ ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರೇ, ನಮಸ್ಕಾರ.

ನಮ್ಮ ಅಕ್ಕನ ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್ ಉಂಟು, ಶ್ವಾಸಕೋಶ, ಜೀರ್ಣಶಕ್ತಿ ಎರಡನ್ನೂ ಕೆಡಿಸುವ ಹುಟ್ಟು ಕಾಯಿಲೆ ಅದು. ಅದು ಗೊತ್ತಾಗುವ ಮೊದಲು ಒಂದೊಂದು ಕಡೆ ಒಂದೊಂದು ಹೆಸರು, ಅಸ್ತಮಾ ಅಂದ್ರು, ನ್ಯುಮೋನಿಯಾ ಅಂದ್ರು, ಪ್ರೈಮರಿ ಕಾಂಪ್ಲೆಕ್ಸ್ ಅಂತ ಟಿಬಿ ಮದ್ದೂ ಕೊಟ್ರು. ಮನೆಯವ್ರೆಲ್ಲ ಬೈದದ್ದು ಅಕ್ಕನಿಗೆ, ಮಗುವನ್ನು ಮಳೆಗೆ ಬಿಟ್ಟೆ, ಐಸ್‌ಕ್ರೀಮ್ ಕೊಟ್ಟೆ ಅಂತ. ಅವಳ ತಪ್ಪು ಎಂತದ್ದೂ ಇರ್ಲಿಲ್ಲ.

ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದ್ರೆ ಮಾತ್ರ ಈ ಕಾಯಿಲೆ ಬರುವುದು. ಸಿಎಫ್‌ಟಿಆರ್ ಅಂತ ಆ ಜೀನ್, 1989ರಲ್ಲೇ ಕಂಡುಹಿಡಿದಿದ್ದಾರೆ. ಅದು ಸರಿ ಇಲ್ಲದಿದ್ರೆ ಶ್ವಾಸನಾಳದ ಒಳಗೆ ಉಪ್ಪು, ನೀರಿನ ಓಡಾಟ ತಪ್ಪಿ ಕಫ ಒಣಗಿ ಹಲಸಿನ ಮೇಣದ ಹಾಗೆ ಅಂಟ್ತದೆ. ಉಸಿರಿನ ಜೊತೆ ಬ್ಯಾಕ್ಟೀರಿಯಾ ನಮ್ಮೆಲ್ಲರ ಒಳಗೂ ಹೋಗ್ತದೆ, ಆದ್ರೆ ನಮ್ಮಲ್ಲಿ ಸಣ್ಣ ಸಣ್ಣ ರೋಮಗಳು ಅದನ್ನು ಕಫದ ಜೊತೆ ಮೇಲಕ್ಕೆ ತಳ್ಳಿ ಹೊರಗೆ ಹಾಕ್ತವೆ, ಈ ಮಕ್ಕಳಲ್ಲಿ ಆ ರೋಮಗಳಿಗೆ ಅಲುಗಾಡ್ಲಿಕ್ಕೇ ಕಷ್ಟ, ಬ್ಯಾಕ್ಟೀರಿಯಾ ಅಲ್ಲೇ ಬೀಡು ಬಿಡ್ತದೆ. ಸಣ್ಣ ಪ್ರಾಯದಲ್ಲಿ ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್, ಆಮೇಲೆ ಸ್ಯೂಡೊಮೊನಾಸ್. ಇದು ನೀರು, ತೇವ ಇದ್ದಲ್ಲೆಲ್ಲ ಇರುವಂಥದ್ದು, ಒಮ್ಮೆ ಬೇರೂರಿದ್ರೆ ಸುತ್ತ ಒಂದು ಪದರ ಕಟ್ಟಿಕೊಳ್ತದೆ, ಮತ್ತೆ ಆಂಟಿಬಯೋಟಿಕ್ ಸರಿ ನಾಟುವುದಿಲ್ಲ. ಅದನ್ನು ಕೊಲ್ಲಲಿಕ್ಕೆ ಬಂದ ಬಿಳಿ ರಕ್ತಕಣಗಳೂ ಅಲ್ಲೇ ಸತ್ತು ಕಫ ಇನ್ನೂ ದಪ್ಪ ಆಗ್ತದೆ. ಶುರುವಿನಲ್ಲೇ ಸಿಕ್ಕಿದ್ರೆ ಸ್ಯೂಡೊಮೊನಾಸನ್ನು ಎಷ್ಟೋ ಸಲ ಓಡಿಸ್ಲಿಕ್ಕೆ ಆಗ್ತದೆ, ಅದಕ್ಕೇ ಕಾಯಿಲೆ ಬೇಗ ಗೊತ್ತಾಗಬೇಕು ಅಂತ ನಾನು ಇಷ್ಟು ಹೇಳುವುದು.

ಗೊತ್ತುಮಾಡುವ ದಾರಿ ಉಂಟು. ಬೆವರಲ್ಲಿ ಕ್ಲೋರೈಡ್, ಅಂದ್ರೆ ಉಪ್ಪಿನ ಒಂದು ಅಂಶ, ಎಷ್ಟುಂಟು ಅಂತ ನೋಡುವುದು, ಸೂಜಿ ಚುಚ್ಚಲಿಕ್ಕೂ ಇಲ್ಲ, ಲೀಟರಿಗೆ 60 ಮಿಲಿಮೋಲ್ ದಾಟಿದ್ರೆ ಬಹುತೇಕ ಇದೇ ಕಾಯಿಲೆ. ಮಗುವಿಗೆ ಮುತ್ತು ಕೊಟ್ರೆ ಉಪ್ಪು ಉಪ್ಪು ಅಂತ ಅಕ್ಕ ಹೇಳ್ತಾನೇ ಇದ್ಳು, ಈ ಮಂಗಳೂರು ಸೆಖೆಗೆ ಯಾರ ಮೈ ಉಪ್ಪಾಗುದಿಲ್ಲ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ.

ನಮ್ಮ ಬೇಡಿಕೆ ಇಷ್ಟೇ ಸರ್. ವೆನ್ಲಾಕಲ್ಲಿ ಈ ಟೆಸ್ಟ್ ಯಾವ ದಿನ ಹೋದ್ರೂ ಉಚಿತವಾಗಿ ಸಿಗ್ಲಿ, ಜೊತೆಗೆ ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಉಂಟು ಅಂತ ನೋಡುವ ಕಲ್ಚರ್ ಟೆಸ್ಟ್ ಕೂಡ ಆಗಾಗ. ಪದೇಪದೇ ನ್ಯುಮೋನಿಯಾ ಆಗುವ, ತೂಕ ಏರದ, ಜಿಡ್ಡು ಜಿಡ್ಡಾಗಿ ಮಲ ಹೋಗುವ ಮಗುವನ್ನು ಟೆಸ್ಟಿಗೆ ಕಳಿಸಿ ಅಂತ ತಾಲೂಕು ಆಸ್ಪತ್ರೆ ಡಾಕ್ಟರುಗಳಿಗೆ ಒಂದು ಸುತ್ತೋಲೆ ಹೋಗ್ಲಿ. ಈ ಕಾಯಿಲೆಯ ಇಬ್ಬರು ಮಕ್ಕಳನ್ನು ಅಕ್ಕಪಕ್ಕದ ಬೆಡ್ಡಲ್ಲಿ ಮಲಗಿಸ್ಬಾರ್ದು, ಒಬ್ಬರ ಬ್ಯಾಕ್ಟೀರಿಯಾ ಇನ್ನೊಬ್ಬರಿಗೆ ದಾಟ್ತದೆ. ಆದ್ರೆ ಕಾಯಿಲೆ ಯಾರಿಗೂ ಅಂಟುವಂಥದ್ದಲ್ಲ, ಕೆಮ್ಮು ಕೇಳಿ ಕ್ಲಾಸಲ್ಲಿ ದೂರ ಕೂರಿಸುವುದನ್ನು ನಿಲ್ಲಿಸ್ಲಿಕ್ಕೆ ಶಿಕ್ಷಣ ಇಲಾಖೆಗೂ ನೀವೇ ಹೇಳ್ಬೇಕು.

ಮುಂದಿನ ಕೆಡಿಪಿ (ಜಿಲ್ಲೆಯ ಪ್ರಗತಿ ಪರಿಶೀಲನೆ) ಮೀಟಿಂಗಲ್ಲಿ ದಯವಿಟ್ಟು ಈ ವಿಷಯ ತಗೊಳ್ಳಿ.