ಗದ್ದೆಗೊಂದು ಚಕ್ರ, ರಸ್ತೆಗೊಂದು ಚಕ್ರ

ಮಂಡ್ಯ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಚಳಿಗಾಲದ ಟೈರುಗಳನ್ನು ಬೇರೆಯಾಗಿ ಕೊಳ್ಳಬೇಕೇ, ಇಲ್ಲವೇ ಈಗಿರುವ ಆಲ್ ಸೀಸನ್ ಟೈರುಗಳಲ್ಲೇ ಟೊರಾಂಟೊದ ಈ ಚಳಿಯನ್ನೂ ಕಳೆಯಬಹುದೇ ಎಂದು ಅಳಿಯಂದಿರು ಯೋಚಿಸುತ್ತಿರುವುದಾಗಿ ಮೊನ್ನೆ ಫೋನಿನಲ್ಲಿ ನೀನು ಹೇಳಿದೆ. ಮಂಡ್ಯದಲ್ಲಿ ಕುಳಿತವನಿಗೆ ಹಿಮದ ವಿಷಯ ಏನು ಗೊತ್ತು ಎಂದು ನೀನು ನಗಬಹುದು. ಟೈರಿನ ವಿಷಯದಲ್ಲಿ ಮಾತ್ರ ನಾನು ಪೆಟ್ಟು ತಿಂದು ಕಲಿತವನು.

ನಮ್ಮ ಹಳೆಯ ಕಾರು ಶೆಡ್ಡಿನಲ್ಲೇ ಹೆಚ್ಚು ನಿಂತಿರುತ್ತಿದ್ದುದರಿಂದ ಏಳು ವರ್ಷವಾದರೂ ಅದರ ಟೈರಿನ ಬಟನ್, ಅಂದರೆ ನೆಲಕ್ಕೆ ತಾಗುವ ಉಬ್ಬು ಅಚ್ಚು, ಸವೆದಿರಲಿಲ್ಲ. ಮುಂಗಾರಿನ ಮೊದಲ ಮಳೆಯ ದಿನ ಬಾಬುರಾಯನಕೊಪ್ಪಲಿನ ಹತ್ತಿರ ಬ್ರೇಕ್ ಒತ್ತಿದರೆ ಕಾರು ಜಾರುತ್ತಲೇ ಹೋಗಿ, ಕಬ್ಬಿನ ಗಾಡಿಯೊಂದರ ಹಿಂದೆ ಮೊಳದಷ್ಟು ದೂರದಲ್ಲಿ ನಿಂತಿತು. ಮರುದಿನ ಪಂಚರ್ ಅಂಗಡಿಯ ಹುಡುಗ ರಬ್ಬರಿಗೆ ಹೆಬ್ಬೆರಳಿನ ಉಗುರನ್ನು ಒತ್ತಿ ತೋರಿಸಿದ, ಗುರುತೇ ಬೀಳಲಿಲ್ಲ. ರಬ್ಬರು ಒಣಗಿ ಗಟ್ಟಿಯಾಗಿತ್ತು.

ಇಲ್ಲಿ ವಯಸ್ಸು ಮಾಡುವ ಆ ಕೆಲಸವನ್ನು ನಿಮ್ಮಲ್ಲಿ ಚಳಿ ಒಂದೇ ರಾತ್ರಿಯಲ್ಲಿ ಮಾಡುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದಂತೆಲ್ಲ ಆಲ್ ಸೀಸನ್ ಟೈರಿನ ರಬ್ಬರು ಬಿರುಸಾಗುತ್ತಾ ಹೋಗಿ, ಹಿಮವಿಲ್ಲದ ಒಣ ರಸ್ತೆಯಲ್ಲೂ ಅದರ ಹಿಡಿತ ಕಡಿಮೆಯಾಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ, ಮೇಲಾಗಿ ಅದರ ಬಟನ್‌ಗಳ ಮೇಲಿರುವ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕೊಳ್ಳುವಾಗ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರುವ ಗುರುತನ್ನು ಹುಡುಕು. ಅದು ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಸಿಗುವ ಗುರುತು; 'ಎಂ ಪ್ಲಸ್ ಎಸ್' (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂಬುದು ಬಟನ್‌ನ ವಿನ್ಯಾಸವನ್ನಷ್ಟೇ ಹೇಳುತ್ತದೆ.

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರಿಗೆ ಇದೆಲ್ಲ ಏಕೆ ಎಂಬ ಅಳಿಯಂದಿರ ಮಾತನ್ನು ನಾನು ಒಪ್ಪಲಾರೆ. ಆ ಬಲ ಕಾರು ಹೊರಡುವುದಕ್ಕೆ ಒದಗುತ್ತದೆಯೇ ಹೊರತು ನಿಲ್ಲುವುದಕ್ಕಲ್ಲ. ಹಾಗೆಯೇ, ಹಣ ಉಳಿಸಲೆಂದು ಎರಡೇ ಟೈರು ಹಾಕಿಸಬೇಡಿ. ಮುಂದಿನವು ಮಾತ್ರ ಹಿಡಿದು ಹಿಂದಿನವು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ.

ಖರ್ಚು ಹೆಚ್ಚು, ನಿಜ. ಆದರೆ ನಾಲ್ಕು ಟೈರಿನ ಒಂದು ಸೆಟ್ ಓಡುವಾಗ ಇನ್ನೊಂದು ಸೆಟ್ ಸವೆಯದೆ ಉಳಿಯುತ್ತದಲ್ಲ. ನಿಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಚಳಿಗಾಲದ ಟೈರ್ ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂಬ ನಿಯಮ 2016ರಿಂದ ಇದೆ, ಕೇಳಿ ಪಡೆದುಕೊಳ್ಳಿ. ನಮ್ಮೂರಲ್ಲಿ ಗದ್ದೆಯ ಕೆಸರು ಉಳಲು ಟ್ರಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕಿ, ಟಾರು ರಸ್ತೆಗೆ ಬರುವ ಮುನ್ನ ಬಿಚ್ಚುವುದನ್ನು ನೀನು ನೋಡಿಯೇ ಬೆಳೆದವಳು. ಎರಡಕ್ಕೂ ಒಂದೇ ಚಕ್ರ ಸಾಕೆಂದು ಯಾವ ರೈತನೂ ಕೂರುವುದಿಲ್ಲ. ನೀವೂ ಬೇಸಿಗೆ ಬರುವ ಮುನ್ನ ಚಳಿಗಾಲದ ಟೈರುಗಳನ್ನು ಬಿಚ್ಚಿಸಬೇಕು, ಬಿಸಿಲಿಗೆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ.

ಅಂಗಡಿಯಲ್ಲಿ ಟೈರಿನ ಪಕ್ಕದ ಮೈಮೇಲೆ ತಯಾರಾದ ಕಾಲ ಹೇಳುವ ನಾಲ್ಕು ಅಂಕಿಗಳನ್ನು ಓದದೆ ಹಣ ಕೊಡಬೇಡ: 3524 ಎಂದಿದ್ದರೆ ಅದು 2024ರ 35ನೇ ವಾರ ತಯಾರಾದದ್ದು. ಅದರ ಒಂದು ಫೋಟೋ ನನಗೂ ಕಳುಹಿಸು.

ಇಂತು,
ನಿನ್ನ ಅಪ್ಪ