ಹುಳದ ಮನೆಯ ಮಾತು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಗಳು ಕೀಟಗಳ ಪಾಠ ಬಾಯಿಪಾಠ ಮಾಡ್ತಿದ್ದಾಳೆ, ನಿಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳದ ಮೈಗೆ ಏನೇನು ಹೆಸರಿದೆ ಬರೆದು ಕಳಿಸು ಅಂದೆಯಲ್ಲ. ನಿಜ ಹೇಳಬೇಕೆಂದರೆ ನಮ್ಮ ಹುಳದ ಮನೆಯಲ್ಲಿ ಅಂಗಾಂಗಗಳಿಗೆ ಹೆಸರು ಕಡಿಮೆ ಕಣೋ. ಹುಳ ಈಗ ಹೇಗಿದೆ, ನಾವೇನು ಮಾಡಬೇಕು ಅನ್ನೋದಕ್ಕೆ ಹೆಸರು ಜಾಸ್ತಿ.

ಜ್ವರವನ್ನೇ ತಗೋ. ಹುಳದ ಮೈ ಬಿಸಿಯಾಗೋದೇನೂ ಇಲ್ಲ. ಪೊರೆ ಬಿಡುವ ಮುಂಚೆ ಅದು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಮರಿಯಿಂದ ಗೂಡು ಕಟ್ಟುವವರೆಗೆ ಹೀಗೆ 4 ಜ್ವರ. 'ಹುಳ ಜ್ವರಕ್ಕೆ ಕೂತಿದೆ' ಅಂತ ಮನೆಯಲ್ಲಿ ಯಾರಾದರೂ ಅಂದರೆ ಸೊಪ್ಪು ನಿಲ್ಲಿಸು, ಸುಣ್ಣದ ಪುಡಿ ಉದುರಿಸು ಅಂತಲೇ ಅರ್ಥ. 'ಜ್ವರ ಎದ್ದಿದೆ' ಅಂದ ತಕ್ಷಣ ಸೊಪ್ಪು ಹಾಕೋ ಹಾಗಿಲ್ಲ, ಹಿಂದುಳಿದವೂ ಏಳುವವರೆಗೆ ಕಾಯಬೇಕು. ಇಲ್ಲದಿದ್ದರೆ ಒಂದೇ ತಟ್ಟೆಯಲ್ಲಿ ದೊಡ್ಡದು ಚಿಕ್ಕದು ಸೇರಿಕೊಂಡು ಕೊನೆಯವರೆಗೂ ಗೋಳು. ಪುಸ್ತಕದಲ್ಲಿ 'ಪೊರೆ ಕಳಚುವಿಕೆ' ಅಂತಿರುತ್ತೆ. ತಪ್ಪಲ್ಲ. ಆದರೆ ಸೊಪ್ಪಿನ ಬುಟ್ಟಿ ಹಿಡಿದು ನಿಂತವನಿಗೆ ಅದರಿಂದ ಏನೂ ಗೊತ್ತಾಗೋದಿಲ್ಲ.

ಜ್ವರಕ್ಕೆ ಕೂತ ಹುಳವನ್ನು ಒಮ್ಮೆ ಬಗ್ಗಿ ನೋಡಬೇಕು. ಮುಂದೆ ಒಂದು ಪುಟ್ಟ ಗಟ್ಟಿ ತಲೆ. ಅದರ ಹಿಂದೆಯೇ ಚರ್ಮದಡಿ ಒಂದು ತ್ರಿಕೋನದ ಮಚ್ಚೆ. ಅದೇ ಹೊಸ ತಲೆ, ಹಳೆಯದಕ್ಕಿಂತ ದೊಡ್ಡದು. ಏಳುವಾಗ ಹಳೆ ತಲೆಯ ಚಿಪ್ಪು ಟೋಪಿಯ ಹಾಗೆ ಕಳಚಿ ಬೀಳುತ್ತದೆ. ನೋಡಲು ಬಂದವರೆಲ್ಲ ತಲೆ ಅಂದುಕೊಳ್ಳೋದು ಅದರ ಹಿಂದಿನ ಉಬ್ಬನ್ನು. ಅದು ತಲೆಯಲ್ಲ, ಎದೆ. 3 ಜೊತೆ ಚೂಪು ಕಾಲು ಇರೋದು ಅಲ್ಲೇ. ಎಲೆಯ ಅಂಚು ಹಿಡಿದು ಮೇಯೋದು ಅವುಗಳಿಂದ. ಹೊಟ್ಟೆಯ ಕೆಳಗಿನ 4 ಜೊತೆ, ತುದಿಯ ಒಂದು ಜೊತೆ ದಪ್ಪ ಕಾಲುಗಳು ಹುಸಿಗಾಲುಗಳು. ಕಡ್ಡಿಗೆ ಕಚ್ಚಿಕೊಳ್ಳಲು, ತೆವಳಲು. ಚಿಟ್ಟೆಯಾದಾಗ ಅವು ಇರೋದಿಲ್ಲ.

ಹಾಗಂತ ಪುಸ್ತಕದ ಮಾತು ದಂಡ ಅನ್ನಬೇಡ. ಹುಳದ ಎರಡೂ ಪಕ್ಕಕ್ಕೆ ಸಾಲಾಗಿ ಕಪ್ಪು ಚುಕ್ಕೆ ಇರುತ್ತವೆ, ಒಂದೊಂದು ಪಕ್ಕಕ್ಕೆ 9. ಅವು ಉಸಿರಾಟದ ರಂಧ್ರಗಳು. ಹೊಸದಾಗಿ ಹುಳ ಮೇಯಿಸುವವರು ಇದನ್ನು ನೋಡಿ ಊಜಿ ಬಿದ್ದಿದೆ ಅಂತ ಗಾಬರಿ ಬೀಳುತ್ತಾರೆ. ಊಜಿ ನೊಣ ಹುಳದ ಮೈ ಮೇಲೆ ಮೊಟ್ಟೆ ಇಡುತ್ತದೆ, ಗುಂಡುಸೂಜಿ ತಲೆಯಷ್ಟು, ಬಿಳಿ. ಅದರ ಮರಿ ಚರ್ಮ ಕೊರೆದು ಒಳಗೆ ಹೋದ ಜಾಗ ಕಪ್ಪಾಗುತ್ತದೆ. ಆ ಕಲೆಗೆ ಸಾಲು ಗೀಲು ಇಲ್ಲ, ಎಲ್ಲೋ ಒಂದು ಕಡೆ ಅಡ್ಡಾದಿಡ್ಡಿ. ಎಡಕ್ಕೂ ಬಲಕ್ಕೂ ಸಮವಾಗಿದ್ದರೆ ಉಸಿರು, ಒಂದೇ ಕಡೆ ಇದ್ದರೆ ಊಜಿ. ಈ ನೊಣ ಕರ್ನಾಟಕಕ್ಕೆ ಬಂದಿದ್ದೇ 1980ರಲ್ಲಿ, ಪಶ್ಚಿಮ ಬಂಗಾಳದ ಕಡೆಯಿಂದ. ಈಗ ಹುಳದ ಮನೆ ಕಿಟಕಿಗೆಲ್ಲ ಸೊಳ್ಳೆ ಪರದೆ ಹೊಡೆಯೋದು ಇದರ ದೆಸೆಯಿಂದಲೇ.

ರೋಗದ ಹೆಸರುಗಳೂ ಕಣ್ಣಿಗೆ ಕಂಡಿದ್ದರ ಮೇಲೇ. ಮೈ ಊದಿಕೊಂಡು, ಚರ್ಮ ಒಡೆದರೆ ಹಾಲಿನಂಥ ನೀರು ಸುರಿದರೆ ಹಾಲುತೊಂಡೆ. ಸತ್ತ ಹುಳ ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಮೊದಲಿನದು ವೈರಸ್‌, ಎರಡನೆಯದು ಶಿಲೀಂಧ್ರ. ಗಂಟು ರೋಗ ಮಾತ್ರ ಮೈಕ್ರೋಸ್ಕೋಪಿಗೇ ಸರಿಯಾಗಿ ಸಿಕ್ಕೋದು. ಅದು ತಾಯಿಯಿಂದ ಮೊಟ್ಟೆಗೂ ದಾಟುತ್ತದೆ, ಅದಕ್ಕೇ ಹುಳದ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ತಾಯಿ ಚಿಟ್ಟೆಯನ್ನು ಅರೆದು ನೋಡ್ತಾರೆ. ಆ ದಾರಿ ತೋರಿಸಿದವನು ಫ್ರಾನ್ಸಿನ ಲೂಯಿ ಪಾಶ್ಚರ್‌.

ನನಗೆ ಇವುಗಳಲ್ಲೆಲ್ಲ ಇಷ್ಟವಾದ ಮಾತು 'ಹಣ್ಣು ಹುಳ'. ಮೇಯೋದು ಬಿಟ್ಟು, ಹೊಟ್ಟೆ ಖಾಲಿ ಮಾಡಿಕೊಂಡ ಹುಳ ಸ್ವಲ್ಪ ಕುಗ್ಗುತ್ತದೆ. ಬೆಳಕಿಗೆ ಹಿಡಿದರೆ ಮೈಯೊಳಗೆ ಬೆಳಕು ಹಾಯುತ್ತದೆ. ಒಳಗೆ ರೇಷ್ಮೆಯ 2 ಗ್ರಂಥಿ ತುಂಬಿರುತ್ತವೆ. ಎರಡರಿಂದಲೂ ಬಂದ ಎಳೆ ಅಂಟಿನಲ್ಲಿ ಕೂಡಿಕೊಂಡು ಕೆಳತುಟಿಯ ಹತ್ತಿರದ ಸಣ್ಣ ರಂಧ್ರದಿಂದ ಹೊರಗೆ ಬರುತ್ತದೆ. ಆಗ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ಚೌಕಟ್ಟಿಗೆ, ಹಾಕಬೇಕು. ತಡವಾದರೆ ತಟ್ಟೆಯಲ್ಲೇ ಸೊಪ್ಪಿನ ಮಧ್ಯೆ ಕಟ್ಟಿಬಿಡುತ್ತೆ, ಆ ಗೂಡಿಗೆ ಮಾರುಕಟ್ಟೆಯಲ್ಲಿ ರೇಟು ಸಿಗಲ್ಲ. ಆ ಹೊತ್ತಿನಲ್ಲಿ ಮನೆಯವರ್ಯಾರೂ ಸರಿಯಾಗಿ ಊಟ ಮಾಡೋದಿಲ್ಲ, ಫೋನೂ ಎತ್ತೋದಿಲ್ಲ. ಹೋದ ತಿಂಗಳು ನಿನ್ನ ಕರೆಗೆ ಉತ್ತರ ಬರದಿದ್ದದ್ದು ಅದಕ್ಕೇ.

ಮಗಳಿಗೆ ಇದನ್ನೆಲ್ಲ ಓದಿ ಹೇಳು. ಪರೀಕ್ಷೆಯಲ್ಲಿ ಮಾತ್ರ 'ಜ್ವರ' ಅಂತ ಬರೀಬೇಡ ಅನ್ನು, ಮಾರ್ಕ್ಸ್‌ ಕೊಡಲ್ಲ.

ಇಂತಿ ನಿನ್ನ,
ಹುಳದ ಮನೆಯ ಗೆಳೆಯ