ಕಾಗೇರಿಯವರೇ, ಈಗ ಪ್ರಶ್ನೆ ಕೇಳುವ ಸರದಿ ನಿಮ್ಮದು

ಉತ್ತರ ಕನ್ನಡದ ಸಂಸದ ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ,

ಶಿರಸಿಯಿಂದ ನಮಸ್ಕಾರ.

1994ರಲ್ಲಿ ಅಂಕೋಲಾ ಕ್ಷೇತ್ರದಿಂದ ಮೊದಲ ಸಲ ಶಾಸಕರಾದಿರಿ. ಅಲ್ಲೇ ಇನ್ನೆರಡು ಸಲ ಗೆದ್ದಿರಿ. ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾದಾಗ ಶಿರಸಿಗೆ ಬಂದು 2008, 2013, 2018ರಲ್ಲಿ ಗೆದ್ದಿರಿ. ನಡುವೆ ಶಿಕ್ಷಣ ಸಚಿವರಾದಿರಿ, 2019ರಲ್ಲಿ ವಿಧಾನಸಭೆಯ ಸ್ಪೀಕರ್ ಆದಿರಿ. ಊರಿಗೆಲ್ಲ ಹೆಮ್ಮೆ. ಸನ್ಮಾನ, ಹಾರ, ಶಾಲು, ಫ್ಲೆಕ್ಸ್ ಎಲ್ಲ ಆಯಿತು. ಆದರೆ ಆ ಹೆಮ್ಮೆಗೆ ನಾವು ತೆತ್ತ ಬೆಲೆಯ ಬಗ್ಗೆ ಯಾರೂ ಮಾತಾಡಲಿಲ್ಲ.

ಸ್ಪೀಕರ್ ಪೀಠದಲ್ಲಿ ಕೂತವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಸಚಿವರು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಿಲ್ಲ, ತುರ್ತು ವಿಷಯ ಎತ್ತುವ ಶೂನ್ಯವೇಳೆಯಿಲ್ಲ, ಬಜೆಟ್ ಚರ್ಚೆಯಲ್ಲಿ ಎದ್ದು ನಿಂತು ಜಗಳವಾಡುವಂತಿಲ್ಲ. ಮತ ಹಾಕುವುದೂ ಸಮಬಲವಾದಾಗ ಮಾತ್ರ. 224 ಶಾಸಕರಿಗೆ ಮಾತಾಡಲು ಅವಕಾಶ ಹಂಚುತ್ತಿದ್ದ ನಿಮ್ಮ ಸ್ವಂತ ಕ್ಷೇತ್ರ ಮಾತ್ರ 2023ರ ತನಕ ಸದನದಲ್ಲಿ ಬಾಯಿ ಕಟ್ಟಿಕೊಂಡಿತ್ತು. ಒಳಗೊಳಗೇ ಸಚಿವರಿಗೆ ಹೇಳಿ ಕೆಲಸ ಮಾಡಿಸಿದ್ದೀರಿ ಎನ್ನುವವರಿದ್ದಾರೆ, ಇರಬಹುದು. ಆದರೆ ಕೋಣೆಯೊಳಗೆ ಆಡಿದ ಮಾತಿಗೆ ಕಡತವಿರುವುದಿಲ್ಲ. ಸದನದಲ್ಲಿ ಸಚಿವರು ಕೊಟ್ಟ ಉತ್ತರವನ್ನಾದರೆ ಐದು ವರ್ಷ ಬಿಟ್ಟು ಎತ್ತಿ ತೋರಿಸಬಹುದು.

2022ರ ಜುಲೈ ನೆನಪಿಸಿಕೊಳ್ಳಿ. ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಘಟ್ಟದ ಮೇಲಿನವರು, ಕೆಳಗಿನವರು ಎನ್ನದೆ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕೂಗಿತು. ಆಗ ಜಿಲ್ಲೆಯ ಅತ್ಯಂತ ಅನುಭವಿ ಶಾಸಕರಲ್ಲಿ ಒಬ್ಬರಾದ ನೀವು ಕೂತಿದ್ದು ಪ್ರಶ್ನೆ ಕೇಳಬಾರದ ಕುರ್ಚಿಯಲ್ಲಿ. ಇದು ನಿಮ್ಮ ತಪ್ಪಲ್ಲ, ಆ ಹುದ್ದೆಯ ಸ್ವಭಾವವೇ ಹಾಗೆ. (ಸ್ಪೀಕರ್ ಆದವರು ಮುಂದಿನ ಚುನಾವಣೆ ಗೆಲ್ಲುವುದಿಲ್ಲ ಎಂಬ ಮಾತು ರಾಜ್ಯದಲ್ಲಿದೆ. ನಿಮಗಿಂತ ಮೊದಲು ಸ್ಪೀಕರ್ ಆಗಿದ್ದ ಕೆ.ಜಿ. ಬೋಪಯ್ಯನವರು 2013ರಲ್ಲಿ ಗೆದ್ದು ಅದನ್ನು ಸುಳ್ಳು ಮಾಡಿದ್ದರು. 2023ರಲ್ಲಿ ಶಿರಸಿಯಲ್ಲಿ ನೀವು ಕಂಡ ಸೋಲಿಗೆ ಕುರ್ಚಿಯ ಶಾಪ ಕಾರಣವೆಂದು ನಾನಂತೂ ನಂಬುವುದಿಲ್ಲ.)

2024ರಲ್ಲಿ ಇದೇ ಜನ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ನಿಮ್ಮನ್ನು ದಿಲ್ಲಿಗೆ ಕಳಿಸಿದರು. ಬಾಯಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿತು. ನೀವು ಗೆದ್ದು ಒಂದೂವರೆ ತಿಂಗಳೂ ಆಗಿರಲಿಲ್ಲ, ಜುಲೈ 16ರಂದು ಇನ್ನೊಂದು ಶಿರೂರಿನಲ್ಲಿ, ನಮ್ಮ ಅಂಕೋಲೆಯದ್ದರಲ್ಲಿ, ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಬಿತ್ತು. ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು. ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಲು ಒಪ್ಪಿಗೆ ಕೊಟ್ಟಿದ್ದರು, ಯಾರು ಪರಿಶೀಲಿಸಿದರು, ಕಾರವಾರದಿಂದ ಭಟ್ಕಳದವರೆಗೆ ಇನ್ನೆಷ್ಟು ಗುಡ್ಡಗಳು ಹಾಗೇ ನಿಂತಿವೆ? ಇದಕ್ಕೆ ಬೆಂಗಳೂರಿನ ಸಚಿವರು ಉತ್ತರಿಸಬೇಕಿಲ್ಲ, ನೀವು ಕೂತಿರುವ ಸದನದಲ್ಲೇ ಉತ್ತರ ಸಿಗಬೇಕು.

ಅರಣ್ಯ ಹಕ್ಕಿನದ್ದೂ ಅದೇ ಕತೆ. 2006ರ ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಸಿದ್ದಾಪುರದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡವನ ಅಜ್ಜ ಕಾಗದ ಎಲ್ಲಿಂದ ಇಟ್ಟಿರಬೇಕು? ಇದು ಸಂಸತ್ತಿನ ಕಾಯ್ದೆ, ತಿದ್ದಬೇಕಾದರೆ ಸಂಸತ್ತೇ ತಿದ್ದಬೇಕು. 1990ರ ದಶಕದಲ್ಲಿ ಅಡಿಗಲ್ಲು ಕಂಡ ಹುಬ್ಬಳ್ಳಿ–ಅಂಕೋಲಾ ರೈಲಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಗುತ್ತದೋ ಇಲ್ಲವೋ ಎಂದು ಒಮ್ಮೆ ನೇರವಾಗಿ ಹೇಳಿಸಿ, ಸಾಕು.

ನಿಯಮಾವಳಿ ನಿಮಗೆ ಕರತಲಾಮಲಕ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಯಾಗುತ್ತವೆ, ಕ್ಷೇತ್ರದ ವಿಷಯ ಸದನದ ಗಮನಕ್ಕೆ ತರಲು 377ನೇ ನಿಯಮವಿದೆ. ಉಪಪ್ರಶ್ನೆ ಹಾಕಿದಾಗ ಸಚಿವರು ಹೇಗೆ ನುಣುಚಿಕೊಳ್ಳುತ್ತಾರೆ ಎಂಬುದನ್ನು ಪೀಠದಿಂದಲೇ ವರ್ಷಗಟ್ಟಲೆ ನೋಡಿದವರು ನೀವು. ಹೊಸದಾಗಿ ಗೆದ್ದ ಸಂಸದರಿಗೆ ಇಲ್ಲದ ಅನುಭವ ಇದು.

ನನ್ನ ಬೇಡಿಕೆ ಒಂದೇ. ಪ್ರತಿ ಅಧಿವೇಶನ ಮುಗಿದ ಮೇಲೆ ನೀವು ಜಿಲ್ಲೆಯ ಪರವಾಗಿ ಕೇಳಿದ ಪ್ರಶ್ನೆ ಮತ್ತು ಬಂದ ಉತ್ತರ ಎರಡನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಬೆಳಗಾವಿ ಜಿಲ್ಲೆಯಲ್ಲಿದ್ದರೂ ನಿಮ್ಮ ಕ್ಷೇತ್ರಕ್ಕೆ ಸೇರುವ ಖಾನಾಪುರ, ಕಿತ್ತೂರು ಸೇರಿ ಎಲ್ಲ ಗ್ರಾಮ ಪಂಚಾಯಿತಿಗಳಿಗೆ ಕಳಿಸಿ. ಫೋಟೊ ಬೇಡ. ಉತ್ತರ ಸಮಾಧಾನಕರವಾಗಿರದಿದ್ದರೆ ಅದನ್ನೂ ಕೆಳಗೆ ಬರೆಯಿರಿ, ಉತ್ತರ ಕೊಟ್ಟ ಸಚಿವರು ನಿಮ್ಮದೇ ಪಕ್ಷದವರಾಗಿದ್ದರೂ. ಮೊದಲ ಪ್ರತಿಯಲ್ಲಿ ಶಿರೂರು ಗುಡ್ಡದ ವಿಷಯ ಇರಲಿ.

ಇತಿ,
ಶಿರಸಿಯ ಒಬ್ಬ ಮತದಾರ